ಹಿಮ್ಮಡಿ ಮಾಮ ಕುರ್ಚಿ ಏರಿದ್ದು

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೆ ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಅವನು ಪೇಟೆಬೀದಿಯ ಶೂ ಅಂಗಡಿಯ ಹಿಮ್ಮಡಿ ಮಾಮ. ಗಿರಾಕಿ ಎಳೆ ಮಗುವಾಗಲಿ, ಹಣ್ಣು ಮುದುಕರಾಗಲಿ, ತಾನು ಮೋಟು ಸ್ಟೂಲಿನ ಮೇಲೆ ಕೂತು, ಅವರ ಕಾಲನ್ನು ಮೊಣಕಾಲ ಮೇಲಿಟ್ಟುಕೊಂಡು, ಶೂ ಏರಿಸಿ, "ಹಿಮ್ಮಡಿ ಹಿಂದಕ್ಕೆ ತಳ್ಳಿ" ಎನ್ನದಿದ್ದರೆ ಅವನ ಲೆಕ್ಕದಲ್ಲಿ ಅದು ವ್ಯಾಪಾರವೇ ಅಲ್ಲ.

ಊರಿನವರ ಪರಿಚಯವೆಲ್ಲ ಅವನಿಗೆ ಕಣಕಾಲಿನಿಂದ ಕೆಳಗೆ. ಬೀದಿಯಲ್ಲಿ ಯಾರಾದರೂ "ಚೆನ್ನಾಗಿದ್ದೀರಾ ಮಾಮ" ಎಂದರೆ ಮೊದಲು ನೆಲ ನೋಡುತ್ತಿದ್ದ, ಗುರುತು ಹಿಡಿಯುತ್ತಿದ್ದ, ಆಮೇಲೆ ತಲೆಯೆತ್ತಿ ನಗುತ್ತಿದ್ದ. ಹಲ್ಲಿನ ಡಾಕ್ಟರ ಎಡಗಾಲು ಬಲಗಾಲಿಗಿಂತ ಒಂದು ಚೂರು ಉದ್ದ ಎನ್ನುವುದು ಅವರ ಮನೆಯವರಿಗೂ ಗೊತ್ತಿಲ್ಲ. ಇವನು ಆ ಗುಟ್ಟನ್ನು ಎದೆಯಲ್ಲಿಟ್ಟುಕೊಂಡು ಖುಷಿಯಾಗಿದ್ದ. ತನ್ನ ಕೆಲಸದಲ್ಲಿ ಇಷ್ಟು ಸುಖವಾಗಿರುವವನನ್ನು ಲೋಕ ಸುಮ್ಮನೆ ಬಿಟ್ಟ ಉದಾಹರಣೆ ಇದೆಯೇ?

ಬಿಡಲಿಲ್ಲ. ಅಂಗಡಿಯ ಮ್ಯಾನೇಜರು ನಿವೃತ್ತರಾದರು. ಮಾಲೀಕರು ಹಿಮ್ಮಡಿ ಮಾಮನನ್ನು ಕರೆದು, "ಒಂದು ವಾರ ಆ ಕುರ್ಚೀಲಿ ಕೂತು ನೋಡಯ್ಯಾ. ಶನಿವಾರ ಹೇಳು. ನೀನು ಒಲ್ಲೆ ಅಂದ್ರೆ ಹೊರಗಿನವರನ್ನ ತರ್ತೀನಿ" ಎಂದರು. ಒಲ್ಲೆ ಎನ್ನುವುದು ಅವನ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಮನೆಯಲ್ಲಿ ಹೆಂಡತಿ ಇದ್ದಾಳೆಂಬುದು ನೆನಪಾಗಿ ಹೊಟ್ಟೆಗೆ ವಾಪಸು ಇಳಿಯಿತು.

ಹೆಂಡತಿ ಕೆಟ್ಟವಳೇನಲ್ಲ. ಅವಳ ಅಕ್ಕನ ಗಂಡ ಒಂದು ಗೋದಾಮಿಗೆ ಮ್ಯಾನೇಜರ್ ಆಗಿಬಿಟ್ಟಿದ್ದ, ಅಷ್ಟೇ. ಅಂದಿನಿಂದ ಅಕ್ಕನ ಫೋನು ಸೆಖೆಯಿಂದ ಶುರುವಾದರೂ ಮ್ಯಾನೇಜರಿಕೆಗೆ ಬಂದೇ ಮುಗಿಯುತ್ತಿತ್ತು. ಒಮ್ಮೆ ಅಕ್ಕ, "ನಿಮ್ಮೆಜಮಾನ್ರು ಇನ್ನೂ ಕಂಡೋರ ಕಾಲು ಹಿಡ್ಕೊಂಡೇ ಕೂತಿದ್ದಾರಾ?" ಎಂದಿದ್ದಳು. ಅಂದವಳು ಮರೆತಳು, ಅನ್ನಿಸಿಕೊಂಡವಳು ಮರೆಯಲಿಲ್ಲ. ಈಗ ಸುದ್ದಿ ಕೇಳಿದ್ದೇ ತಡ, ಗಂಡನಿಗೆ ಗಟ್ಟಿ ಕಾಲರಿನ ಹೊಸ ಶರಟು ತಂದಳು. "ಇನ್ಮೇಲೆ ಬಗ್ಗೋದೆಲ್ಲ ಬೇಡ ಆಯ್ತಾ?" ಎಂದು ಗುಂಡಿ ಹಾಕುವಾಗ ಅವಳ ಮುಖ ಎಷ್ಟು ಅರಳಿತ್ತೆಂದರೆ, ಅವನು ಹ್ಞೂಂ ಎಂದುಬಿಟ್ಟ.

ಮನದಳಲನ್ನು ಅವನು ತೋಡಿಕೊಂಡಿದ್ದು ಕ್ಯಾಷಿಯರ್ ಹತ್ತಿರ ಮಾತ್ರ. ಆತ ಹಣೆ ಚಚ್ಚಿಕೊಂಡ. "ಜನ ಮ್ಯಾನೇಜರ್ ಆಗೋಕೆ ಕಂಡಕಂಡೋರ ಕಾಲು ಹಿಡೀತಾರೆ. ನೀನೊಬ್ಬ, ಕಾಲು ಹಿಡಿಯೋಕೋಸ್ಕರ ಮ್ಯಾನೇಜರ್ ಕೆಲಸ ಬಿಡ್ತೀನಿ ಅಂತೀಯಲ್ಲ!"

ಕುರ್ಚಿ ಎತ್ತರದ ಕೌಂಟರಿನ ಹಿಂದೆ ಇತ್ತು. ಅಲ್ಲಿ ಕೂತರೆ ಕಾಣುವುದು ಬರೀ ಮುಖಗಳು. ಇಷ್ಟೊಂದು ಮುಖಗಳನ್ನು ಹಿಮ್ಮಡಿ ಮಾಮ ಜನ್ಮದಲ್ಲಿ ನೋಡಿರಲಿಲ್ಲ. ಎರಡನೆಯ ದಿನವೇ ಒಬ್ಬರು ಎದುರು ನಿಂತು ಅಗಲವಾಗಿ ನಕ್ಕರು. ಇವನು ಮ್ಯಾನೇಜರಿಗೆ ತಕ್ಕ ಗಾಂಭೀರ್ಯದಿಂದ, "ಯಾರು ಬೇಕಿತ್ತು ಸಾರ್?" ಎಂದ. ಅವರು ಇಪ್ಪತ್ತು ವರ್ಷದಿಂದ ಇವನ ಕೈಯಲ್ಲೇ ಶೂ ಹಾಕಿಸಿಕೊಳ್ಳುತ್ತಿದ್ದ ಸಂಗೀತದ ಮೇಷ್ಟ್ರು. "ಕುರ್ಚಿ ಸಿಕ್ಕ ಮೇಲೆ ನಾವೆಲ್ಲ ಎಲ್ಲಿ ಕಾಣ್ತೀವಪ್ಪಾ" ಎಂದು ಸಿಡುಕಿ ಹೊರಟರು. ಬಾಗಿಲಲ್ಲಿ ಅವರ ಬಲಗಾಲು ತಾಳ ಹಾಕಿದಂತೆ ಹೊಸ್ತಿಲು ತಟ್ಟಿದಾಗಲೇ ಇವನಿಗೆ ಗುರುತು ಸಿಕ್ಕಿದ್ದು. ಕೂಗಿ ಕರೆದರೂ ಅವರು ತಿರುಗಲಿಲ್ಲ. ಆ ದಿನ ಅವನಿಗೆ ಬುತ್ತಿಯ ಊಟವೂ ಸೇರಲಿಲ್ಲ.

ಮರುದಿನ ಅವನೊಂದು ಉಪಾಯ ಮಾಡಿದ. ಶೂ ಹಾಕಿ ನೋಡಿಕೊಳ್ಳಲು ನೆಲದ ಮೇಲೆ ಒಂದು ಗಿಡ್ಡ ಕನ್ನಡಿ ಓರೆಯಾಗಿ ನಿಂತಿರುತ್ತಿತ್ತು. ಯಾರಿಗೂ ಕಾಣದಂತೆ ಅದನ್ನು ಕುರ್ಚಿಯ ಕಡೆಗೆ ತಿರುಗಿಸಿಕೊಂಡ. ಆಮೇಲೆ ಸ್ವಲ್ಪ ಜೀವ ಬಂತು. ಮುಖದ ಕಡೆ ನೋಡದೆ, "ಬನ್ನಿ ಡಾಕ್ಟ್ರೇ" ಎಂದು ಕನ್ನಡಿಗೇ ಸ್ವಾಗತ ಹೇಳುವ ಮ್ಯಾನೇಜರನ್ನು ಕಂಡು ಕ್ಯಾಷಿಯರ್ ಬಾಯಿಗೆ ಕರವಸ್ತ್ರ ಒತ್ತಿಕೊಂಡ.

ಶನಿವಾರ ಬಂತು. ಸಂಜೆ ಮಾಲೀಕರಿಗೆ ಉತ್ತರ ಹೇಳಬೇಕು. ಹ್ಞೂಂ ಎಂದರೆ ಸ್ಟೂಲು ಹೋಯಿತು, ಒಲ್ಲೆ ಎಂದರೆ ಹೆಂಡತಿಯ ಮುಖ ಬಾಡಿತು. ಅವನಿಗೆ ಅಳುವೇ ಬರುವಂತಾಗಿತ್ತು. ಆಗ ಕನ್ನಡಿಯಲ್ಲಿ ಎರಡು ಕಾಲು ಕಾಣಿಸಿದವು. ಬಾಗಿಲ ಬಳಿ, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದವು. ಮೆಟ್ಟಿದ್ದು ಇವರ ಅಂಗಡಿಯದೇ ಮಾಲು, ಆದರೆ ಕಾಲಿಗಿಂತ ಚಿಕ್ಕದು. ಕಿರುಬೆರಳು ಕೆಂಪಗೆ ಬಾತಿತ್ತು, ಭಾರವೆಲ್ಲ ಪಾದದ ಅಂಚಿನ ಮೇಲೆ. ಪಾಪ, ಯಾರ ಮನೆಯ ಹೆಣ್ಣುಮಗಳೋ ಎಂದು ಅವನ ಕರುಳು ಚುರುಕ್ ಎಂದಿತು.

ಶರಟಿನ ಕಾಲರು, ಗಾಂಭೀರ್ಯ ಎಲ್ಲ ಮರೆತುಹೋಯಿತು. ಕುರ್ಚಿಯಿಂದ ಇಳಿದು, ಸ್ಟೂಲು ಎಳೆದುಕೊಂಡು ಕೂತು, ತಲೆಯೆತ್ತದೆ, "ಬನ್ನಿ ತಾಯಿ, ಕೂತ್ಕೊಳಿ" ಎಂದ. ಕಾಲು ಮೊಣಕಾಲ ಮೇಲೆ ಬಂತು. ಚಪ್ಪಲಿ ಬಿಡಿಸಿ, ಬಾತ ಬೆರಳನ್ನು ಮೆಲ್ಲಗೆ ಒತ್ತಿ ನೋಡಿ, ಅವನಿಗೆ ನಿಜಕ್ಕೂ ಸಿಟ್ಟು ಬಂತು.

"ಐದನೇ ನಂಬರು! ಇದು ಆರೂವರೆ ಕಾಲು. ಅಳತೆ ನೋಡ್ದೇ ಇದನ್ನ ನಿಮ್ಮ ತಲೆಗೆ ಕಟ್ಟಿದ ಮಹಾನುಭಾವ ಯಾರಮ್ಮ?"

"ನನ್ನ ಗಂಡ," ಎಂದಿತು ಮೇಲಿನ ದನಿ.

ಹಿಮ್ಮಡಿ ಮಾಮ ತಲೆಯೆತ್ತಿದ. ಗಂಡ ಕುರ್ಚಿಯಲ್ಲಿ ಕೂತ ಚೆಂದ ನೋಡಲು ಹೇಳದೆ ಕೇಳದೆ ಬಂದಿದ್ದ ಹೆಂಡತಿ ಅವನನ್ನೇ ನೋಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅವಳದು ಐದನೇ ನಂಬರು. ಅಂದಿನಿಂದ ಪ್ರತಿ ವರ್ಷ ತಾನೇ ಆರಿಸಿ, ಹೆಮ್ಮೆಯಿಂದ ಐದನೇ ನಂಬರನ್ನೇ ಮನೆಗೆ ಒಯ್ದಿದ್ದ. ಎರಡು ಹೆತ್ತ ಕಾಲು, ಅಡುಗೆಮನೆಯಲ್ಲಿ ನಿಂತು ನಿಂತು ಅಗಲವಾದ ಕಾಲು. ಊರಿನವರ ಕಾಲೆಲ್ಲ ಬಲ್ಲವನು ಇದೊಂದನ್ನು ಒಮ್ಮೆಯೂ ಕೈಗೆತ್ತಿಕೊಂಡು ನೋಡಿರಲಿಲ್ಲ. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಕಚ್ಚುತ್ತೆ ಅಂತ ಬಾಯಿಬಿಟ್ಟು ಹೇಳ್ಬಾರ್ದಿತ್ತೇನೇ?"

"ಅಷ್ಟು ಆಸೆಯಿಂದ ತರ್ತಿದ್ರಿ. ಹೇಗೆ ಹೇಳ್ಲಿ?" ಎಂದಳು. ಅವಳ ಕಣ್ಣು ಖಾಲಿ ಕುರ್ಚಿಯ ಮೇಲೆ ಹೋಯಿತು, ತನ್ನ ಕಾಲು ಹಿಡಿದಿದ್ದ ಕೈಗಳ ಮೇಲೆ ಬಂತು. ವಾರದಿಂದ ಮಂಕಾಗಿದ್ದ ಗಂಡನ ಮುಖಕ್ಕೆ ಈಗ ತಾನೇ ಕಳೆ ಬಂದಿದ್ದನ್ನು ಅವಳು ಕಂಡಿದ್ದಳು. "ನೀವು ಮಾತ್ರ ಹೇಳಿದ್ರಾ, ಆ ಕುರ್ಚಿ ಕಚ್ಚುತ್ತೆ ಅಂತ?"

ಅಷ್ಟರಲ್ಲೇ ಮಾಲೀಕರು ಒಳಗೆ ಬಂದರು. "ಏನಯ್ಯಾ ಮ್ಯಾನೇಜರ್, ಮತ್ತೆ ನೆಲಕ್ಕೆ ಇಳಿದುಬಿಟ್ಟೆ? ಏನಂತ ತೀರ್ಮಾನ ಮಾಡಿದೆ?"

ಹೆಂಡತಿಯೇ ಬಾಯಿ ಹಾಕಿದಳು. "ಕುರ್ಚಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳಿ ಸಾರ್. ಇವರಿಗೆ ಪುರುಸೊತ್ತಿಲ್ಲ. ನನ್ನ ಇನ್ನೊಂದು ಕಾಲು ಇನ್ನೂ ನೋಡೇ ಇಲ್ಲ." ಆಮೇಲೆ ದನಿ ತಗ್ಗಿಸಿ ಗಂಡನಿಗೆ, "ಅಕ್ಕಂಗೆ ಏನು ಹೇಳ್ಬೇಕೋ ನಾನು ಹೇಳ್ಕೋತೀನಿ" ಎಂದಳು.

ಅವನು ಕಪಾಟಿನಿಂದ ಆರೂವರೆಯ ಡಬ್ಬಿ ತಂದ. ಕಾಲು ಮತ್ತೆ ಮೊಣಕಾಲ ಮೇಲಿಟ್ಟುಕೊಂಡ. ಹೊಸ ಚಪ್ಪಲಿಯನ್ನು ಮೆಲ್ಲಗೆ ಏರಿಸಿದ. ಜನ್ಮವಿಡೀ ಹೇಳಿಕೊಂಡು ಬಂದ ಮಾತನ್ನೇ ಹೇಳಿದ.

"ಹಿಮ್ಮಡಿ ಹಿಂದಕ್ಕೆ ತಳ್ಳೇ."