ಬಸ್ಸು ತಿರುಗುವ ಜಾಗ

ನಮ್ಮ ಕೆಳಮನೆಯ ಬಾಡಿಗೆದಾರಳು ಶಾಂತವ್ವ ನಿನ್ನೆ ಮನೆ ಖಾಲಿ ಮಾಡಿದಳು. ಕಾರಣ, ನನ್ನ ಮನೆ ಮುಂದಿನ ಕಟ್ಟೆ.

(ನಗಬೇಡಿ. ನಗುವ ಶಕ್ತಿ ನನಗಂತೂ ಉಳಿದಿಲ್ಲ.)

ನಾಗಾವಿ ರಸ್ತೆಯ ನಮ್ಮ ಲೇಔಟಿನಲ್ಲಿ ಮೊದಲು ಜಾಲಿಗಿಡ ಬಿಟ್ಟರೆ ಏನೂ ಇರಲಿಲ್ಲ. ಸಿಟಿ ಬಸ್ ಬಂದದ್ದೇ ತಡ, ಮನೆಗಳೆದ್ದವು, ಕಿರಾಣಿ ಅಂಗಡಿ ಬಂತು, ಬಾಡಿಗೆ ಏರಿತು. ಊರು ಬೆಳೆಸುವುದು ನಕಾಶೆ ಅಂದುಕೊಂಡಿದ್ದೀರಾ? ಅಲ್ಲರೀ, ಬಸ್ಸು! ಶಾಂತವ್ವ ಬಂದದ್ದೂ ಅದನ್ನೇ ನಂಬಿ. ಬೆಟಗೇರಿಯ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ. ಬೆಳಿಗ್ಗೆ ಏಳಕ್ಕೆ ಒಲೆ ಮುಂದಿರಬೇಕು. ಮೊಣಕಾಲು ನೋವು ಬೇರೆ.

ಬಸ್ಸು ತಿರುಗುತ್ತಿದ್ದುದು ಓಣಿಯ ಕೊನೆಗೆ, ನನ್ನ ಮನೆ ಎದುರು. ಆ ಜಂಬಕ್ಕೆ ನಾನು ಕಾಂಪೌಂಡಿನ ಹೊರಗೊಂದು ಕಟ್ಟೆ ಕಟ್ಟಿಸಿದೆ. ನಮ್ಮ ಕಡೆ ಸಂಜೆ ಕೂತು ಹರಟಲು ಕಟ್ಟೆಯಿಲ್ಲದ್ದೂ ಒಂದು ಮನೆಯೇ? ಎದುರಿನವರು ಸುಮ್ಮನಿರುತ್ತಾರೆಯೇ? ಅವರದೂ ಒಂದಾಯಿತು. ಪಕ್ಕದವರದು ರಸ್ತೆಯೊಳಗೆ ಇನ್ನೊಂದು ಗೇಣು ಮುಂದೆ ಬಂತು.

ಕಳೆದ ಸೋಮವಾರ ಡ್ರೈವರ್ ಹಿಂದೆ ಮುಂದೆ ಮಾಡಿ ಮಾಡಿ ಸಾಕಾಗಿ ಕೆಳಗಿಳಿದ.

"ಕುಂಡ್ರಾಕ ಎಲ್ಲಾರಿಗೂ ಜಾಗಾ ಐತಿ, ಬಸ್ ತಿರುಗಸಾಕ ಇಲ್ಲ. ನಾಳಿಂದ ಮೇನ್ ರೋಡಿಗೇ ಬರ್ರಿ!"

ಸಂಜೆ ಮೀಟಿಂಗ್ ಸೇರಿದೆವು. (ಎಲ್ಲಿ? ಕಟ್ಟೆಯ ಮೇಲೇ.) ಒಡೆಯಬೇಕು ಎಂದು ಎಲ್ಲರೂ ಒಪ್ಪಿದರು. "ಮೊದಲ ಅವರು ಒಡೀಲಿ" ಎಂದೂ ಎಲ್ಲರೂ ಅಂದರು. ನಾನೂ ಅಂದೆ. ನನಗೇನು, ಸ್ಕೂಟರ್ ಇದೆ. ಬರೆಯಲು ನಾಚಿಕೆಯಾಗುತ್ತಿದೆ, ಆದರೆ ಅಂದದ್ದು ಖರೆ.

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವರು ನಾವು, ಉಂಡವಳು ಶಾಂತವ್ವ. ಮೇನ್ ರೋಡಿನವರೆಗೆ ಕುಂಟುತ್ತ ಹೋಗಿ ಮೂರು ದಿನ ಬಸ್ ತಪ್ಪಿಸಿಕೊಂಡಳು. ಖಾನಾವಳಿಯ ಮಾಲಕರು ಬೇರೆಯವರನ್ನು ನೋಡಿಕೊಳ್ಳುತ್ತೇನೆ ಅಂದರಂತೆ. ಬೆಟಗೇರಿಯಲ್ಲೇ ಒಂದು ಕತ್ತಲ ಕೋಣೆ ಹಿಡಿದಳು.

ನಿನ್ನೆ ಸಾಮಾನೆಲ್ಲ ಟಂಟಂ ಆಟೋಗೆ ಏರಿಸಿ, ಕೀಲಿ ಕೊಡಲು ಬಂದಳು.

"ಶಾಂತವ್ವಾ, ಎರಡ ದಿನ ತಡಿಯವಾ. ನಾನ ಮೊದಲ ಒಡಸ್ತೀನಿ" ಅಂದೆ. ಆಗ ಹೊಳೆಯಿತು ನನಗೆ!

ಆಕೆ ಕಟ್ಟೆಯ ಮೇಲೆ ಕೂತು ಮೊಣಕಾಲು ಒತ್ತಿಕೊಂಡಳು. ಸಿಟ್ಟೇ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇರಲಿ ಬಿಡ್ರಿ ಸರ, ಕಟ್ಟಿ ಚಲೋ ಆಗೇತಿ. ಬಸ್ಸಂತೂ ಬರೂದಿಲ್ಲ, ನಿಮಗ ಕುಂಡ್ರಾಕರ ಬೇಕಲ್ರಿ?"