ಮುಗಿಲಿಂದ ಬಿದ್ದ ಪಾತ್ರೆ

ಪಕ್ಕದ ಮನೆಯ ಹುಡುಗಿ ನನ್ನ ಸ್ಟೀಲ್ ಡಬ್ಬಿ ವಾಪಸ್ ತಂದುಕೊಟ್ಟಳು. ಚೆನ್ನಾಗಿ ತೊಳೆದಿದ್ದಳು, ಒಳಗೆ ಏನೂ ಇರಲಿಲ್ಲ. ನಾನೀಗ ಇರುವ ವಿದ್ಯಾನಗರದಲ್ಲಿ ಎಲ್ಲರೂ ಹೀಗೇ. ಉಂಡೆ ತುಂಬಿ ಕೊಟ್ಟ ಡಬ್ಬಿ ಖಾಲಿ ಬಂತಲ್ಲ ಎಂದು ಮುಚ್ಚಳ ತೆಗೆದು ನೋಡುತ್ತಿದ್ದಾಗ ಖಾಲಾ ನೆನಪಾದಳು... ಅವಳಾಗಿದ್ದರೆ ಆ ಹುಡುಗಿಯನ್ನು ಬಾಗಿಲಿನಿಂದಲೇ ತಿರುಗಿಸಿ ಕಳಿಸುತ್ತಿದ್ದಳು.

ಖಾಲಾ ಎಂದರೆ ಉರ್ದುವಿನಲ್ಲಿ ಚಿಕ್ಕಮ್ಮ. ಸಂಬಂಧವೇನೂ ಇರಲಿಲ್ಲ. ನಾನು ಸಾರಥಿ ಎಂಬ ಹಳ್ಳಿಯಿಂದ ಮದುವೆಯಾಗಿ ದಾವಣಗೆರೆಯ ಆನೆಕೊಂಡಕ್ಕೆ ಬಂದಾಗ ನಮ್ಮ ಹಿತ್ತಿಲ ಗೋಡೆಯಾಚೆ ಅವಳ ಮಂಡಕ್ಕಿ ಭಟ್ಟಿ ಇತ್ತು. ಗಂಡ ಸತ್ತಿದ್ದ, ಹೆಣ್ಣುಮಕ್ಕಳು ಸಣ್ಣವು. ಹರಿಹರದ ಹೊಳೆಯಿಂದ ತರಿಸಿದ ಮರಳನ್ನು ಬಾಣಲೆಯಲ್ಲಿ ಕಾಯಿಸಿ ಅಕ್ಕಿ ಹುರಿಯುತ್ತಿದ್ದಳು. ಬಾಯಿ ಆ ಮರಳಿಗಿಂತ ಬಿಸಿ.

ಅವಳಿಗೆ ಇನ್ನೊಂದು ಕೆಲಸವೂ ಇತ್ತು. ಆಗ ಮದುವೆಗೆ ಓಣಿಯವರ ಪಾತ್ರೆಗಳನ್ನೆಲ್ಲ ಕೂಡಿಸುತ್ತಿದ್ದರು. ಮದುವೆ ಮುಗಿದ ಮೇಲೆ ಯಾವುದು ಯಾರದೆಂದು ಜಗಳ. ಆಗ ಖಾಲಾಳನ್ನು ಕರೆಸುತ್ತಿದ್ದರು. ಅಡುಗೆಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಅವಳು ಅಂಗಳದಲ್ಲೇ ಕೂತು ಒಂದೊಂದನ್ನೇ ತಿರುಗಿಸಿ, ತಗ್ಗು ನೋಡಿ, ಕೊರೆಸಿದ ಹೆಸರನ್ನು ಬೆರಳಿನಿಂದ ತಡವಿ, "ಇದು ಗೌಡ್ರ ಮನೀದು, ಇದು ದರ್ಜಿ ಮನೀದು" ಎಂದು ಬೇರೆ ಮಾಡುತ್ತಿದ್ದಳು. ಓದು ಬರುತ್ತಿರಲಿಲ್ಲ. ಕೆಲವೊಮ್ಮೆ ತಪ್ಪುತ್ತಿದ್ದಳು. ಆದರೆ ಅವಳೆದುರು ವಾದಿಸುವ ಧೈರ್ಯ ಯಾರಿಗಿತ್ತು?

ಮಳೆಗಾಲಕ್ಕೆ ಮುಂಚೆ ಒಂದು ಮಧ್ಯಾಹ್ನ ಗುಡುಗಿನಂಥ ಸದ್ದಾಗಿ, ಭಟ್ಟಿಯ ಸೂರಿನ ಹೆಂಚು ಒಡೆದುಕೊಂಡು ಏನೋ ಬಿತ್ತು. ಗೋಡೆ ಹತ್ತಿ ನೋಡಿದೆ. ಮರಳಿನ ರಾಶಿಯಲ್ಲಿ ಕುಂಬಳಕಾಯಿಯಷ್ಟು ದೊಡ್ಡ ಲೋಹದ ಗುಂಡು ಅರ್ಧ ಹೂತಿತ್ತು. ಮೈಯೆಲ್ಲ ಮಸಿ, ಒಂದು ಕಡೆ ಕುತ್ತಿಗೆ ಮುರಿದ ತೂತು. ಪಾಕಿಸ್ತಾನದ ಜೊತೆಗಿನ ಯುದ್ಧ ಮುಗಿದು ಹೆಚ್ಚು ದಿನ ಆಗಿರಲಿಲ್ಲ, ಎಲ್ಲರಿಗೂ ಬಾಂಬಿನದೇ ಭಯ. ಪೊಲೀಸಿನವ ಬಂದು ದೂರದಲ್ಲೇ ನಿಂತ.

"ಇದು ಎಲ್ಲಿಂದ ಬಂತು, ಯಾರ್ದು ಅಂತ ಗೊತ್ತಾಗೋ ತನಕ ಭಟ್ಟಿ ಹಚ್ಚಂಗಿಲ್ಲ ನೋಡವ್ವ. ಯಾರೂ ಮುಟ್ಟಬ್ಯಾಡ್ರಿ."

ಉಪ್ಪುನೀರು ಹಿಡಿಸಿದ ಅಕ್ಕಿ ಹುರಿಯಲು ತಯಾರಾಗಿತ್ತು. ಹಾಗೇ ಬಿಟ್ಟರೆ ಮುಗ್ಗಲು ಹಿಡಿಯುತ್ತದೆ. ಅದು ಹೋದರೆ ಅವಳ ಮನೆಯಲ್ಲಿ ಉಣ್ಣಲು ಬೇರೆ ದಾರಿ ಇರಲಿಲ್ಲ.

ಅಷ್ಟರಲ್ಲಿ ಕಿರಾಣಿ ಅಂಗಡಿಯವ ಬಂದು ನಕ್ಕ. "ಪಾಕಿಸ್ತಾನದ್ದೇ ಇರ್ಬೇಕು. ವಿಳಾಸ ಹುಡ್ಕ್ಯಂಡು ಸೀದಾ ನಿಮ್ಮನಿಗೇ ಬಂದೈತೆ."

"ಅಲ್ಲಿ ನನಗ್ಯಾರು ಅದಾರಪ್ಪ, ಕಳ್ಸಾಕೆ?" ಎಂದಳು ಖಾಲಾ. "ನನಗೇನೋ ನಿನ್ನ ತಕ್ಕಡಿ ಕಲ್ಲು ಅನ್ಸತೈತೆ. ನೋಡಾಕೆ ದಪ್ಪ, ಒಳಗ ಪೊಳ್ಳು."

ಓಣಿಯೇ ನಕ್ಕಿತು. ಅವನು ಹೊರಟುಹೋದ. ಖಾಲಾ ಮಾತ್ರ ನಗಲಿಲ್ಲ, ಅಕ್ಕಿಯ ಕಡೆ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಗೋಡೆಯಾಚೆ ತಿಕ್ಕುವ ಸದ್ದು. ಖಾಲಾ ಗುಂಡನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು ಹುಣಸೆಹಣ್ಣು, ಬೂದಿ ಹಾಕಿ ಉಜ್ಜುತ್ತಿದ್ದಳು.

"ಮುಟ್ಟಬ್ಯಾಡ ಅಂದಾರಲ್ಲ ಖಾಲಾ!"

"ಮಸಿ ಹೋಗ್ದೆ ಯಾರ ಮನೀದು ಅಂತ ಹೆಂಗೆ ಗೊತ್ತಾಗ್ತೈತೆ? ಬಾ, ನೀರು ಹಾಕು."

ಹಾಕಿದೆ. ಒಂದು ಕಡೆ ಕೊರೆದ ಅಂಕಿಗಳು ಮೇಲೆದ್ದವು. ಇನ್ನೊಂದು ಕಡೆ ಬಣ್ಣದಲ್ಲಿ ಏನೋ ಬರೆದಿತ್ತು. ಅದು ಬೂದಿಯ ಜೊತೆ ಮೋರಿಗೆ ಹೋಯಿತು.

ಪೊಲೀಸರು ಹೇಳಿಕಳಿಸಿದ್ದಕ್ಕೆ, ಸಂಜೆ ಹರಿಹರದ ಕಡೆಯಿಂದ ಜೀಪಿನಲ್ಲಿ ಇಂಥವನ್ನು ಪರೀಕ್ಷಿಸುವ ಒಬ್ಬ ಅಧಿಕಾರಿ ಬಂದರು. ಫಳಫಳ ಹೊಳೆಯುವ ಗುಂಡಿನ ಸುತ್ತ ಎರಡು ಸುತ್ತು ಬಂದರು.

"ಯಾರಮ್ಮ ಇದನ್ನ ತೊಳ್ದೋರು?"

"ನಾನೇ ರೀ. ಯಾಕ, ಹೊಳಪು ಸಾಲ್ದಾ?"

ಅವರು ತಲೆ ಚಚ್ಚಿಕೊಂಡು ಕೂತರು. ಬಡಿದು ನೋಡಿದರು, ಅಯಸ್ಕಾಂತ ಹಿಡಿದರು, ಅಂಟಲಿಲ್ಲ. ಬಾಂಬಲ್ಲ, ರಾಕೆಟ್ಟಿನಿಂದ ಕಳಚಿ ಬಿದ್ದ, ಗಾಳಿ ತುಂಬುವ ಗುಂಡು ಎಂದರು. "ರಷ್ಯಾದ್ದೋ ಅಮೆರಿಕದ್ದೋ, ಆ ಬಣ್ಣದ ಬರಹ ಇದ್ದಿದ್ರೆ ಇಲ್ಲೇ ಹೇಳ್ತಿದ್ದೆ. ಈಗ ಈ ನಂಬರ್ ಇಬ್ರಿಗೂ ಕಳಿಸಿ ಕೇಳ್ಬೇಕು."

"ಭಟ್ಟಿ ಹಚ್ಚಬೌದಾ?"

"ಹಚ್ಚಿ."

ಅಧಿಕಾರಿ ಗುಂಡನ್ನು ಎತ್ತಿಕೊಂಡರು. "ಅದ್ನ ಕೆಳಗಿಟ್ಟು ಕೂಡ್ರಿ," ಎಂದಳು ಖಾಲಾ. ಅವರು ಕೂತರು! ಬೆಂಕಿ ಹಚ್ಚಿದಳು, ಮರಳು ಕಾಯಿತು, ಅಕ್ಕಿ ಚಟಪಟ ಅರಳಿತು. ಅವಳು ಕಾಗದವನ್ನು ಆಲಿಕೆಯಂತೆ ಸುತ್ತಿ ತೂತಿಗೆ ಇಟ್ಟು, ಬಿಸಿ ಮಂಡಕ್ಕಿಯನ್ನು ಗುಂಡಿನೊಳಗೆ ತುಂಬಿದಳು.

"ಯಾರ್ದಾದ್ರೂ ಆಗ್ಲಿ, ಬಂದ ಪಾತ್ರೆ ಬರಿದು ಕಳ್ಸಂಗಿಲ್ರಿ. ಹೆಂಚು ಒಡ್ದದ್ದು ಬ್ಯಾರೆ ಮಾತು. ಅದ್ನೂ ಹೇಳ್ರಿ ಅವ್ರಿಗೆ."

ಅಧಿಕಾರಿ ನಕ್ಕು ತೂತಿಗೆ ತಮ್ಮ ಕರವಸ್ತ್ರ ತುರುಕಿದರು. ಜೀಪು ಗುಂಡಿ ಹಾರಿದಾಗಲೆಲ್ಲ ಒಳಗೆ ಸರಸರ ಸದ್ದು...

ಉತ್ತರ ಬರಲಿಲ್ಲ. ಖಾಲಾ ಮಾತ್ರ ಅಂಚೆಯವ ಬಂದಾಗಲೆಲ್ಲ ಅಡ್ಡ ಹಾಕುತ್ತಿದ್ದಳು. "ರಷ್ಯಾದಿಂದ ಏನಾರ ಬಂತಾ? ಮಂಡಕ್ಕಿ ಹೆಂಗಿತ್ತಂತೆ?"

ಈಗ ಹಾಗೆ ಬಿದ್ದದ್ದು ಯಾರದೆಂದು ಕಂಪ್ಯೂಟರಿನಲ್ಲಿ ಹುಡುಕುತ್ತಾರಂತೆ, ಬಿದ್ದ ದಿನ ಗೊತ್ತಿದ್ದರೆ ಆಯಿತಂತೆ. ಮೊಮ್ಮಗಳು ಹೇಳಿದಳು. "ಯಾವ ದಿನ, ಅಜ್ಜಿ?" ಎಂದು ಕೇಳಿದಳು. ನನಗೆ ನೆನಪಿಲ್ಲ. ನೆನಪಿದ್ದರೂ ಯಾರಿಗೆ ಹೇಳಲಿ? ಕೇಳುತ್ತಿದ್ದವಳು ಹೋಗಿ ಎಷ್ಟೋ ವರ್ಷವಾಯಿತು.

ಪಕ್ಕದ ಮನೆಯವರ ಒಂದು ಬಟ್ಟಲು ನನ್ನ ಹತ್ತಿರವೂ ಇದೆ. ನಾಳೆ ಮಂಡಕ್ಕಿ ತುಂಬಿ ಕಳಿಸುತ್ತೇನೆ. ಆ ಹುಡುಗಿಗೆ ತಿಳಿದರೆ ತಿಳಿಯಲಿ, ಇಲ್ಲದಿದ್ದರೆ ತಿನ್ನಲಿ.