ಬೂಟಿನ ಮಣ್ಣು ಕೆರೆಯುವ ಗಾಸ್ಪಾರ್

ಫ್ರಾನ್ಸಿನ ಬರ್ಗಂಡಿಯ ನಮ್ಮ ಗುಡ್ಡಕ್ಕೆ ವೈನ್ ಕೊಳ್ಳಲು ಬಂದ ಯಾವ ವ್ಯಾಪಾರಿಯೂ ಮುದುಕ ಗಾಸ್ಪಾರನ ದ್ರಾಕ್ಷಿತೋಟದ ಮಣ್ಣನ್ನು ಬೂಟಿಗೆ ಅಂಟಿಸಿಕೊಂಡು ಹೊರಬಂದದ್ದಿಲ್ಲ. ರಸ್ತೆಯಂಚಿನಲ್ಲಿ ಮೊಂಡು ಚಾಕು ಹಿಡಿದು ಕೂತಿರುತ್ತಾನೆ. "ಎತ್ತಯ್ಯಾ ಕಾಲು! ರಸ್ತೆಯಿಂದ ಮೇಲಿಂದು ಮೊದಲ ದರ್ಜೆ ವೈನಿನ ಮಣ್ಣು, ಕೆಳಗಿಂದು ಬರೀ ಊರ ಹೆಸರಲ್ಲಿ ಮಾರೋ ಅಗ್ಗದ ವೈನಿಂದು. ದಾಟಿಸಿದ್ರೆ ಕಳ್ಳತನ," ಎನ್ನುತ್ತಾನೆ. ಪಾದ್ರಿಯನ್ನೂ ಬಿಟ್ಟವನಲ್ಲ; ಅಡ್ಡದಾರಿಯಲ್ಲಿ ಬಂದ ಮದುಮಗಳ ಹಿಮ್ಮಡಿಯನ್ನೂ ಕೆರೆದ. ಕಾಗೆಗಳಿಗೂ ಕಾಲೊರೆಸಲು ಕಲಿಸಿದ್ದಾನೆಂದು ನಾನೇ ಸುದ್ದಿ ಹಬ್ಬಿಸಿದ್ದೆ. ಮಳೆ ಕೆಳಗೆ ತಂದ ಮಣ್ಣನ್ನು ಚಳಿಗಾಲದಲ್ಲಿ ಎಲ್ಲರೂ ಬುಟ್ಟಿಯಲ್ಲಿ ಹೊತ್ತು ಮೇಲೆ ಹಾಕುತ್ತಾರೆ. ಇವನು ಮಾತ್ರ ಪ್ರತಿ ಬುಟ್ಟಿಯಿಂದ ಚಿಟಿಕೆ ತೆಗೆದು ನಾಲಿಗೆಗಿಟ್ಟು, ಅದು ಯಾವ ಬಳ್ಳಿಸಾಲಿನದೆಂದು ಹೇಳಿ ಆ ಸಾಲಿಗೇ ಸುರಿಯುತ್ತಾನೆ. ಹೋದ ವರ್ಷ ತೋಟದ ಮೇಲಿನ ಸ್ಮಶಾನದ ಗೋಡೆ ಮಳೆಗೆ ಕುಸಿದು, ಅವನ ಹೆಂಡತಿ ಓಡೀಲಳ ಗೋರಿಯ ಮಣ್ಣೂ ತೋಟಕ್ಕೆ ಜಾರಿತು. ಅಂದಿನಿಂದ ಅವನ ಚಾಕು ಮೆತ್ತಗಾಗಿದೆ. ಬೂಟಿನಿಂದ ಕೆರೆದ ಒಂದೊಂದು ಹೆಂಟೆಯನ್ನೂ ರುಚಿ ನೋಡಿ, "ಎಲ್ಲಿಗೆ ಹೊರಟೆ ಇವನ ಜೊತೆ? ಬಾ ಮನೆಗೆ," ಎಂದು ಪಿಸುಗುಟ್ಟಿ ಬುಟ್ಟಿಗೆ ಹಾಕಿಕೊಳ್ಳುತ್ತಾನೆ. ಒಂದು ಹಿಡಿ ರಸ್ತೆ ದಾಟಿದರೂ ಅವಳು ಪೂರ್ತಿ ಸಿಗುವುದಿಲ್ಲವೆಂಬ ದಿಗಿಲು ಅವನಿಗೆ. ಈಗ ಅವನನ್ನು ನೋಡಿ ಯಾರೂ ನಗುವುದಿಲ್ಲ; ನಮ್ಮೆಲ್ಲರ ಮನೆಯವರೂ ಆ ಸ್ಮಶಾನದಲ್ಲೇ ಇದ್ದಾರೆ. ಮೊನ್ನೆ ನನ್ನ ಬೂಟು ಕೆರೆದು, ನಾಲಿಗೆಗಿಟ್ಟು, ತಲೆಯಾಡಿಸಿದ. "ಇದು ಅವಳಲ್ಲ ಕಣಯ್ಯಾ, ನಿಮ್ಮಪ್ಪ. ಕರ್ಕೊಂಡು ಹೋಗ್ತೀಯೋ, ಇಲ್ಲೇ ಬಿಡ್ತೀಯೋ?" ವೈನ್ ಚೌಕಾಸಿಯಲ್ಲಿ ಎಂದೂ ಸೋಲದ ನಾನು ಅವನ ಚಾಕುವಿನ ಮುಂದೆ ಇನ್ನೊಂದು ಕಾಲನ್ನೂ ಎತ್ತಿದೆ.